ಸುಟ್ಟ ಆಯಿಲ್ ಬಳಿದ ಮರಿ

ಗ್ಯಾರೇಜಿನಲ್ಲಿ ಸುಟ್ಟ ಆಯಿಲ್ ವಾಸನೆ ಮೂಗಿಗೆ ಬಡಿದರೆ ಇವತ್ತಿಗೂ ನನಗೆ ಮಾರಿಕಣಿವೆ ಜಲಾಶಯದ ದಡ ನೆನಪಾಗುತ್ತದೆ.

ನಾನು ಚಿಕ್ಕವಳಿದ್ದಾಗ ಅಪ್ಪ ಅಲ್ಲಿ ಮೋಟಾರು ದೋಣಿ ಓಡಿಸುತ್ತಿದ್ದ. ಒಂದು ಮಧ್ಯಾಹ್ನ ಇಂಜಿನ್ ಬಿಸಿ ಮಾಡಿ, ದೋಣಿಯ ಹೊಟ್ಟೆಯೊಳಗೆ ಬಗ್ಗಿ, ಕೈಪಂಪಿನಿಂದ ಹಳೇ ಆಯಿಲ್ ಎಳೆದು ಡಬ್ಬಕ್ಕೆ ತುಂಬಿಸಿದ. ಕಜ್ಜಿ ಎದ್ದ ಕುರಿಗೆ ನಮ್ಮಲ್ಲಿ ಅದೇ ಮದ್ದು. ಆಯಿಲ್ ಆರಿದ ಮೇಲೆ ಅಜ್ಜಿ ಕುರಿಮರಿಯನ್ನು ನನ್ನ ತೋಳಿಗೆ ಕೊಟ್ಟು, ಅದರ ಮೈತುಂಬ ಬಳಿದಳು.

ಬಿಟ್ಟ ಕೂಡಲೇ ಮರಿ ಹಾಲಿಗೆ ಓಡಿತು. ತಾಯಿ ಕುರಿ ಮೂಸಿತು, ಆಯಿಲ್ ವಾಸನೆಗೆ ತನ್ನದಲ್ಲವೆಂದು ತಲೆಯಿಂದ ಗುದ್ದಿ ಕೆಡವಿತು. ಮರಿ ಎದ್ದು ಮತ್ತೆ ಹೋಯಿತು. ತಾಯಿ ಮತ್ತೆ ಕೆಡವಿತು.

ನಾನು ಅಳತೊಡಗಿದೆ.

"ಸುಮ್ನಿರೇ," ಅಂದಳು ಅಜ್ಜಿ. "ನಿಮ್ಮವ್ವನೂ ನಿನ್ನ ಹಿಂಗೇ ಬ್ಯಾಡ ಅಂತ ಬಿಟ್ಟೋಗಿದ್ದು."

ಅಪ್ಪ ತಲೆ ಎತ್ತದೆ ಪಂಪು ಒರೆಸುತ್ತಲೇ ಇದ್ದ. ನಾನು ಮೆಲ್ಲಗೆ ನನ್ನ ತೋಳು ಮೂಸಿ ನೋಡಿಕೊಂಡೆ.