ಕಳುವಾಗದ ಜಿಪ್ಸಿ

ಸ್ವಲ್ಪ ಸುಳ್ಳು ಬೆರೆಸಿದ್ದರೆ ಈ ಕಥೆ ಇನ್ನೂ ಚೆನ್ನಾಗಿರುತ್ತಿತ್ತು; ಏನು ಮಾಡುವುದು, ನಿಜವಾಗಿಯೇ ನಡೆದುಬಿಟ್ಟಿತು. ವಾಚ್‌ಮನ್ ಅಮರಪ್ಪ ಎಂಟೇ ಎಂಟು ನಿಮಿಷ ಗೇಟು ಬಿಟ್ಟು ಹೋಗಿ ವಾಪಸು ಬಂದು ನೋಡುತ್ತಾನೆ, ಮೂರು ಮಿಲಿಟರಿ ಜಿಪ್ಸಿ ನಿಂತಿದ್ದ ಕಡೆ ಎರಡೇ ಇವೆ. ನಡುವಿನದು ಮಾಯ. ಅದರಿಂದ ತೊಟ್ಟಿಕ್ಕಿದ್ದ ಎಣ್ಣೆಯ ಕಲೆ ಮಾತ್ರ ಬಿಸಿಲಿಗೆ ಹೊಳೆಯುತ್ತಿತ್ತು.

ಹಲಸೂರಿನ ಆ ಖಾಸಗಿ ಯಾರ್ಡಿಗೆ ಸೇನೆಯ ಗಾಡಿಗಳು ಬಣ್ಣಕ್ಕೂ ಮೇಲಿನ ಕ್ಯಾನ್ವಾಸ್ ಹುಡ್ ಹೊಲಿಸುವುದಕ್ಕೂ ಬರುತ್ತಿದ್ದವು. ಹೋದ ವರ್ಷ ಇಂಥದ್ದೇ ಇನ್ನೊಂದು ಯಾರ್ಡಿಗೆ ಹಸಿರು ಯೂನಿಫಾರ್ಮ್ ತೊಟ್ಟ ಕಳ್ಳನೊಬ್ಬ ಬಂದು, ವಾಚ್‌ಮನ್ ಕೈಲಿ ಸೆಲ್ಯೂಟನ್ನೂ ಹೊಡೆಸಿಕೊಂಡು, ಜಿಪ್ಸಿ ಓಡಿಸಿಕೊಂಡು ಹೋಗಿದ್ದ. ಅಂದಿನಿಂದ ಕಾವಲಿನ ಏಜೆನ್ಸಿಯವರು ಪ್ರತಿ ಸ್ಟೇರಿಂಗಿಗೂ ಸರಪಳಿ ಬಿಗಿಸಿ, ಗೇಟಿಗೆ ಎರಡು ಸಾಲಿನ ಬೋರ್ಡು ಹಾಕಿದ್ದರು. ಗಾಡಿ ಕಾಣದಿದ್ದರೆ ಐದು ನಿಮಿಷದೊಳಗೆ ಫೋನ್ ಮಾಡಬೇಕು. ಗೇಟು ಬಿಟ್ಟವನಿಗೆ ಕೆಲಸವಿಲ್ಲ. ವಾಚ್‌ಮನ್ನಿಗೆ ಕಕ್ಕಸು ಎಲ್ಲಿ ಎಂದು ಬರೆಯಲು ಬೋರ್ಡಿನಲ್ಲಿ ಜಾಗ ಸಾಲದೆ ಹೋಯಿತು. ಅಮರಪ್ಪ ಕೆರೆ ಹತ್ತಿರದ ಸಾರ್ವಜನಿಕ ಶೌಚಾಲಯಕ್ಕೆ ಓಡಿಹೋಗಿ ಓಡಿಬರುತ್ತಿದ್ದ. ಈ ಕೆಲಸ ಸಿಗುವ ಮುಂಚೆ ಬೈಯಪ್ಪನಹಳ್ಳಿಯ ಬಾಡಿಗೆ ಕೋಣೆಯಲ್ಲಿ ಐದು ತಿಂಗಳು ಸುಮ್ಮನೆ ಕುಳಿತಿದ್ದವನು. ಇನ್ನೊಂದು ಸಲ ಕೆಲಸ ಹೋದರೆ ವಾಪಸು ಊರಿಗೆ, ರಾಯಚೂರಿನ ರೈಲು ಹತ್ತುವುದೇ ಎಂದು ಹೆಂಡತಿ ಸುಭದ್ರಮ್ಮ ಖಂಡಿತವಾಗಿ ಹೇಳಿದ್ದಳು.

"ಮುಕ್ತಾರ್‌ಭಾಯ್!" ಎಂದು ಕೂಗಿದ. ಹುಡ್ ಹೊಲಿಯುವ ಮುಕ್ತಾರ್ ತನ್ನ ಮೆಷಿನ್ ಮುಂದೆ ಇರಲಿಲ್ಲ. ಉತ್ತರ ಬಂದದ್ದು ಪೇಂಟ್ ಶೆಡ್ಡಿನ ಟಾರ್ಪಾಲಿನ್ ಪರದೆಯ ಹಿಂದಿನಿಂದ, ಅದೂ ಗಾಡಿ ನೋಡಲು ಬರುವ ಸುಬೇದಾರರ ಗಡಸು ಗಂಟಲಲ್ಲಿ. "ಅಮರಪ್ಪಾ! ಮೇರಾ ಗಾಡಿ ಕಿಧರ್ ಹೈ?"

ಮುಕ್ತಾರನ ಮಿಮಿಕ್ರಿ ಶಿವಾಜಿನಗರದ ಅರ್ಧ ಅಂಗಡಿಗಳಿಗೆ ಗೊತ್ತಿತ್ತು, ಅಮರಪ್ಪನಿಗಂತೂ ದಿನಾ ಊಟದ ಜೊತೆ ಉಪ್ಪಿನಕಾಯಿ. ಇವತ್ತು ಮಾತ್ರ ಅವನು ಪರದೆಗೇ ಸೆಲ್ಯೂಟ್ ಹೊಡೆದ. "ಈಗ ಫೋನ್ ಮಾಡ್ತೀನ್ರಿ ಸಾಬ್, ಈಗ!" ಏಜೆನ್ಸಿಯ ಸೂಪರ್‌ವೈಸರ್ ವೆಂಕಟಸ್ವಾಮಿಯ ನಂಬರು ಒತ್ತಿದ. "ಸರ್, ಒಂದು ಗಾಡಿ ಹೋಗ್ಯಾದ್ರಿ... ಇಲ್ರಿ, ಯಾರು ಒಯ್ದರೋ ನಾ ನೋಡಿಲ್ರಿ. ಗೇಟ್‌ನ್ಯಾಗ ಇರ್ಲಿಲ್ರಿ ನಾ. ಹೊಟ್ಟಿ ಕೆಟ್ಟಿತ್ತು, ಕೆರಿ ಕಡೆ ಹೋಗಿದ್ದೆ. ಎಂಟು ನಿಮಿಷ ಸರ್. ತಪ್ಪಾಗ್ಯಾದ್ರಿ."

ಪರದೆಯ ಹಿಂದೆ ಒತ್ತಿ ಹಿಡಿದಿದ್ದ ನಗು ನಿಂತುಹೋಯಿತು. ಟಾರ್ಪಾಲಿನ್ ಸರಿಸಿಕೊಂಡು ಮುಕ್ತಾರ್ ಓಡಿಬಂದ. ಅವನ ಬೆನ್ನ ಹಿಂದೆ ಜಿಪ್ಸಿ, ಸರಪಳಿ ಸಮೇತ.

"ಅರೇ, ಯಾರಿಗೆ ಮಾಡ್ದೆ ಫೋನು? ಇಳಿಜಾರಿತ್ತು, ಹ್ಯಾಂಡ್‌ಬ್ರೇಕ್ ಇಳಿಸಿ ಒಳಗೆ ಬಿಟ್ಕೊಂಡೆ ಅಷ್ಟೇ, ತಮಾಷೆಗೆ! ಗೇಟಲ್ಲಿ ಇರ್ಲಿಲ್ಲ ಅಂತ ಯಾಕಪ್ಪಾ ಹೇಳ್ದೆ?"

"ಇದ್ದೆ ಅಂದ್ರ, ಇದ್ದೂ ಗಾಡಿ ಬಿಟ್ಟಾನ, ಇವನೇ ಕಳ್ಳ ಅಂತಾರಲ್ಲ ಭಾಯ್."

ಇಂದಿರಾನಗರದಿಂದ ಕಾಲು ಗಂಟೆಯಲ್ಲಿ ಬೈಕ್ ಬಂತು. ವೆಂಕಟಸ್ವಾಮಿ ಹೆಲ್ಮೆಟ್ ತೆಗೆಯದೆ ಜಿಪ್ಸಿಯನ್ನು ಒಂದು ಸುತ್ತು ಹಾಕಿದ. "ಗಾಡಿ ಇಲ್ಲೇ ಇದೆಯಲ್ಲಯ್ಯಾ."

"ನಾನೇ ತಳ್ಳಿದ್ದು ಸಾರ್," ಮುಕ್ತಾರ್ ಕೈ ಮುಗಿದ. "ಬೇಕಾದ್ರೆ ನನ್ನ ಓಡಿಸಿ."

"ನೀನು ನಮ್ಮ ಏಜೆನ್ಸಿಯವನಲ್ಲ. ನಿನ್ನ ಓಡಿಸೋ ಭಾಗ್ಯ ನನಗಿಲ್ಲ." ಅಮರಪ್ಪನ ಕಡೆ ತಿರುಗಿದಾಗ ವೆಂಕಟಸ್ವಾಮಿಯ ದನಿ ಕುಗ್ಗಿತು. "ಬರ್ತಾ ಬರ್ತಾನೇ ಮೇಲಿನವರಿಗೆ ಹೇಳಿಬಿಟ್ಟೆ ಕಣಯ್ಯಾ. ಗಾಡಿ ಸಿಕ್ತು ಅಂತ ಇನ್ನೊಂದು ಫೋನ್ ಮಾಡಬಹುದು. ಗೇಟಲ್ಲಿ ಯಾರೂ ಇರ್ಲಿಲ್ಲ ಅಂದಿದ್ದನ್ನ ಹೇಗೆ ವಾಪಸ್ ತಗೊಳ್ಳಲಿ? ಟೋಪಿ ಕೊಡು."

ಅಮರಪ್ಪ ಟೋಪಿ ಕೊಟ್ಟ, ಪೀಪಿ ಕೊಟ್ಟ, ಬೆಲ್ಟು ಬಿಚ್ಚಿ ಕೊಟ್ಟ. ಸರಪಳಿಗಳ ಕೀಲಿ ಮಾತ್ರ ಬರಲಿಲ್ಲ. ಕಳೆದೀತೆಂದು ಅದನ್ನವನು ಉಡದಾರಕ್ಕೆ ಕಟ್ಟಿಕೊಂಡಿದ್ದ, ಏಳು ತಿಂಗಳ ಬೆವರಿಗೆ ಗಂಟು ಕಲ್ಲಾಗಿತ್ತು. ಕೊನೆಗೆ ಹುಡ್ ಬಟ್ಟೆ ಕತ್ತರಿಸುವ ಕತ್ತರಿಯೇ ಬೇಕಾಯಿತು. ಮುಕ್ತಾರ್ ಕತ್ತರಿ ಕೊಟ್ಟು ಗೋಡೆಯ ಕಡೆ ತಿರುಗಿ ನಿಂತ. ಉಡದಾರ ಕಚಕ್ಕೆಂದು ತುಂಡಾಯಿತು.

ಬದಲಿ ವಾಚ್‌ಮನ್ ಬರುವವರೆಗೆ ವೆಂಕಟಸ್ವಾಮಿಯೇ ಗೇಟಿನ ಸ್ಟೂಲಿನ ಮೇಲೆ ಕುಳಿತ. ಹೊರಗೆ ರಸ್ತೆ ಬದಿಯಲ್ಲಿ ಅಮರಪ್ಪ ಮನೆಗೆ ಫೋನ್ ಹಚ್ಚಿದ. ಮುಕ್ತಾರ್ ಪಕ್ಕದಲ್ಲೇ ನಿಂತಿದ್ದ. ಬೈಯಿ ಅಂದರೂ ಅಮರಪ್ಪ ಬೈದಿರಲಿಲ್ಲ.

"ಸುಭದ್ರಾ... ಕೆಲಸ ಹೋತು."

ಆ ಕಡೆಯಿಂದ ಕಿಲಕಿಲ ನಗು, ಪಕ್ಕದಲ್ಲಿದ್ದವನಿಗೂ ಕೇಳುವಷ್ಟು. "ಮುಕ್ತಾರಣ್ಣಾ, ಮತ್ತ ನಮ್ಮನಿಯವ್ರ ಫೋನ್ ಕಸ್ಕೊಂಡ್ರೇನು? ಮೊನ್ನಿ ಹಿಂಗೇ ಅಂಜಿಸಿದ್ರಿ. ಈ ಸಲ ನಾ ಮೋಸ ಹೋಗಂಗಿಲ್ಲ ನೋಡ್ರಿ!"

"ನಾನೇ ಸುಭದ್ರಾ. ನಾನೇ..." ಅಮರಪ್ಪನಿಗೆ ಅಳು ಒಡೆಯಿತು.

"ದನಿ ಥೇಟ್ ಅವ್ರದೇ ಮಾಡ್ತೀರಿ ಅಣ್ಣಾ, ಖರೇ. ಅಳೋದೊಂದು ಬರ್ಲಿಲ್ಲ ನಿಮಗ. ನಮ್ಮನಿಯವ್ರು ಹಿಂಗ ಅಳಂಗಿಲ್ಲ."

ಅಮರಪ್ಪ ಫೋನನ್ನು ನೋಡಿದ, ಮುಕ್ತಾರನನ್ನು ನೋಡಿದ. ಮೊದಲು ಹೆಗಲು ಅಲುಗಿತು. ಆಮೇಲೆ ನಗತೊಡಗಿದ. ಫೋನಿನೊಳಗಿನ ನಗುವನ್ನು ಮುಳುಗಿಸಿ, ಬಸ್ಸುಗಳ ಹಾರ್ನನ್ನೂ ಮೀರಿ, ಗೇಟಿನಲ್ಲಿದ್ದ ವೆಂಕಟಸ್ವಾಮಿ ಸ್ಟೂಲಿನಿಂದ ಎದ್ದು ನಿಲ್ಲುವಷ್ಟು ಜೋರಾಗಿ, ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಬೆಲ್ಟಿಲ್ಲದ ಪ್ಯಾಂಟು ಹಿಡಿದುಕೊಂಡು ನಕ್ಕ.