ಹಿಂಗಾಲಿನವನು

ಬಟ್ಟೆಯ ಎತ್ತಿನ ತಲೆಯನ್ನು ಹೆಗಲಿಗೇರಿಸಿ, ಅದರ ಬಾಯಿಯ ಕಿಂಡಿಯಿಂದ ದರ್ಜಿ ಹೊರಗೆ ನೋಡಿದ. ಸುಗ್ಗಿಯ ಮೆರವಣಿಗೆ ಅವನಿಗೆ ಹೊಸದಲ್ಲ. ಕಣ್ಣಾರೆ ನೋಡುತ್ತಿರುವುದು ಮಾತ್ರ ಇದೇ ಮೊದಲು. ಇಷ್ಟು ವರ್ಷ ಎತ್ತಿನ ಮುಂಗಾಲು ಅಣ್ಣನದು, ಹಿಂಗಾಲು ಇವನದು. ಬಗ್ಗಿ, ಅಣ್ಣನ ಸೊಂಟ ಹಿಡಿದು, ಬಟ್ಟೆಯೊಳಗೇ ಊರು ಸುತ್ತಿದವನು. ಕಳೆದ ಮಳೆಗಾಲದಲ್ಲಿ ಅಣ್ಣ ತೀರಿಕೊಂಡ. ಈಗ ಹಿಂಗಾಲು ಅಣ್ಣನ ಮಗಳದು.

"ನಡಿ ಚಿಕ್ಕಪ್ಪ! ಕಂಬದ ಥರ ನಿಂತ್ಬಿಟ್ಯಲ್ಲ," ಹಿಂದಿನಿಂದ ತಿವಿದಳು.

ನಡೆದ. ಎದುರಿಗೆ ಜೋಳದ ತೆನೆ ಕಟ್ಟಿದ ಗಾಡಿ, ಕುಂಬಳಕಾಯಿ ಹೇರಿದ ಟ್ರ್ಯಾಕ್ಟರು, ಹಳದಿ ಲಂಗದ ಹುಡುಗಿಯರು. ಚೌಕದಲ್ಲಿ ಒಪ್ಪಿಸಬೇಕಾದ ಹೊಸ ಕಾಳಿನ ಬುಟ್ಟಿಗಳು ಹೆಂಗಸರ ತಲೆಯ ಮೇಲೆ ಸಾಲಾಗಿ ತೇಲುತ್ತಿದ್ದವು. ಎಲ್ಲವೂ ಅಣ್ಣ ಹೇಳುತ್ತಿದ್ದಂತೆಯೇ ಇತ್ತು. ದರ್ಜಿಯ ಕಣ್ಣು ಮಾತ್ರ ಬೇಕರಿಯ ತಿರುವಿನ ಮೇಲೆ.

ಆ ತಿರುವಿನಲ್ಲಿ ಬಡಗಿಯ ಮನೆ. ಪ್ರತಿವರ್ಷ ಅಲ್ಲಿಗೆ ಬಂದಾಗ ಅಣ್ಣ ಪಿಸುಗುಡುತ್ತಿದ್ದ: "ಮಹಡಿ ಮೇಲೆ ನಿಂತಿದ್ದಾಳೆ ಕಣೋ. ನೀಲಿ ಉಟ್ಟಿದ್ದಾಳೆ. ಬಾಲ ಆಡಿಸೋ, ಪೆದ್ದ!" ದರ್ಜಿ ಮೈಮರೆತು ಬಾಲ ಆಡಿಸುತ್ತಿದ್ದ. ಬಡಗಿ ತನ್ನ ಮಗಳನ್ನು ಇವನಿಗೆ ಕೊಟ್ಟಿರಲಿಲ್ಲ, ದೂರದ ಊರಿಗೆ ಕೊಟ್ಟಿದ್ದ. ಇವನು ಮತ್ತೆ ಹೆಣ್ಣು ನೋಡಲು ಹೋಗಲಿಲ್ಲ. ಮೆರವಣಿಗೆ ಮುಗಿಯುವಷ್ಟರಲ್ಲಿ ಅವಳು ವಾಪಸ್ಸು ಬಸ್ಸು ಹತ್ತಿರುತ್ತಿದ್ದಳು. ಅದನ್ನೂ ಅಣ್ಣನೇ ಹೇಳುತ್ತಿದ್ದ. ಈ ವರ್ಷ ತಲೆ ಹೊರುತ್ತೇನೆಂದು ದರ್ಜಿ ತಾನಾಗಿ ಕೇಳಿಕೊಂಡದ್ದು ಅವಳನ್ನೊಮ್ಮೆ ನೋಡಲಿಕ್ಕೆ.

ತಿರುವು ಬಂತು. ಮಹಡಿಯ ತುಂಬ ಜನ: ಬಡಗಿಯ ಹೆಂಡತಿ, ಸೊಸೆಯಂದಿರು, ಕಿರುಚುವ ಮಕ್ಕಳು. ಅವಳಿರಲಿಲ್ಲ. ಹಿಂದಿನ ಗಾಡಿಯವನು ಹಾರ್ನ್ ಒತ್ತುವವರೆಗೂ ಎತ್ತು ಅಲ್ಲೇ ನಿಂತಿತ್ತು.

ಎಲ್ಲ ಮುಗಿದು ಚೌಕದ ನೆರಳಿನಲ್ಲಿ ಕೂತಾಗ ಅತ್ತಿಗೆ ನೀರು ತಂದಳು. ದರ್ಜಿ ಏನೋ ನೆನಪಾದವನಂತೆ ಕೇಳಿದ: "ಬಡಗಿಯ ಮಗಳು ಈ ಸಲ ಬರ್ಲಿಲ್ವಾ, ಅತ್ತಿಗೆ?"

"ಈ ಸಲ ಅಂತೀಯಲ್ಲ! ಮದುವೆ ಆಗಿ ಹೋದೋಳು ಒಂದು ಮೆರವಣಿಗೆಗಾದ್ರೂ ಬಂದಿದ್ದುಂಟಾ? ಯಾಕೆ, ಯಾರು ಹೇಳಿದ್ರು?"

"ಯಾರೂ ಇಲ್ಲ ಬಿಡಿ." ಲೋಟದ ನೀರನ್ನು ನಿಧಾನವಾಗಿ ಪೂರ್ತಿ ಕುಡಿದ.

ಹುಡುಗಿ ಎತ್ತಿನ ಬಟ್ಟೆ ಮಡಿಸಿಟ್ಟು, ಬೆವರೊರೆಸಿಕೊಳ್ಳುತ್ತ ಬಂದಳು. "ಒಳಗೆ ಬರೀ ಕತ್ತಲೆ ಚಿಕ್ಕಪ್ಪ, ಏನೂ ಕಾಣ್ಲಿಲ್ಲ. ಅಪ್ಪ ನಿಂಗೆ ದಾರಿಯುದ್ದಕ್ಕೂ ಹೇಳ್ತಾ ಹೋಗ್ತಿದ್ರಂತಲ್ಲ? ಮುಂದಿನ ವರ್ಷ ನೀನೂ ಹೇಳ್ಬೇಕು."

"ಹೇಳ್ತೀನಮ್ಮ," ಎಂದ ದರ್ಜಿ. "ಮಹಡಿ ಮೇಲೆ ಯಾರನ್ನ ನಿಲ್ಲಿಸ್ಲಿ?"