ಅಪಾಯವಿಲ್ಲದ ಮರ

ಕೊಡಲಿ ಹೆಗಲಿಗೇರಿಸಿ ಮರ ಕಡಿಯಲು ಬಂದ ಶಶಿ, ಬುಡ ಕಂಡದ್ದೇ ತಡ, ಚಪ್ಪಲಿ ಕಳಚಿ ಕೈಮುಗಿದು ನಿಂತುಬಿಟ್ಟ.

"ಚೇಚಿ, ಇದಕ್ಕೆ ನಾನು ಕೊಡಲಿ ಹಾಕಲ್ಲ. ಇಲ್ಲಿ ನಾಗ ಇದಾನೆ."

ವಿಲಾಸಿನಿ ಬೇಲಿಯಾಚೆ ಕತ್ತು ಚಾಚಿ ನೋಡಿದಳು. ಹೆಬ್ಬಲಸಿನ ಬುಡದಲ್ಲಿ ಹೆಡೆಯೆತ್ತಿದ ನಾಗ, ಮೈತುಂಬ ಅರಿಶಿನ, ಮುಂದೊಂದು ಹಣತೆ. ನಿನ್ನೆ ಸಂಜೆ ಅಲ್ಲಿ ಒಣಗಿದ ಎಲೆ ಬಿಟ್ಟರೆ ಏನೂ ಇರಲಿಲ್ಲ. ಅದು ಕಲ್ಲೂ ಅಲ್ಲ. ಹೆದ್ದಾರಿ ಬದಿಯಲ್ಲಿ ಹೂಕುಂಡಗಳ ಜೊತೆ ಮಾರಲು ಇಡುತ್ತಾರಲ್ಲ, ಅಂಥ ಸಿಮೆಂಟಿನ ಬೊಂಬೆ.

ಮರ ಪಕ್ಕದ ಮನೆಯ ಭಾಸ್ಕರ ಕುರುಪ್‌ನದು. ಆದರೆ ಅದು ವಾಲಿದ್ದು ಪೂರ್ತಿ ವಿಲಾಸಿನಿಯ ಅಡುಗೆಮನೆಯ ಮೇಲೆ. ಹೋದ ಮಳೆಗಾಲದಲ್ಲಿ ಒಂದು ಕೊಂಬೆ ಮುರಿದು ಮಾಡು ಒಡೆದು ನೇರ ಒಲೆಯ ಪಕ್ಕ ಬಿದ್ದಿತ್ತು. ಅವಳು ಉಪ್ಪು ತರಲು ಎದ್ದಿದ್ದಳು, ಬದುಕಿಕೊಂಡಳು. ಈಗ ಬೇರಿನ ಒಂದು ಮಗ್ಗುಲು ಮಣ್ಣು ಬಿಟ್ಟು ಮೇಲೆದ್ದಿತ್ತು. ಬರುವ ಕರ್ಕಟಕ ಮಾಸದ ಜಡಿಮಳೆಯಲ್ಲೇ ಮಗಳು ಶೀಬಾ ಪುನಲೂರಿನಿಂದ ಹೆರಿಗೆಗೆ ಬರುವವಳು, ಅವಳಿಗೆ ಮಲಗಲು ಇರುವುದು ಅಡುಗೆಮನೆಗೆ ಅಂಟಿದ ಆ ಒಂದೇ ಕೋಣೆ. ಕುರುಪ್‌ಗೆ ಹೇಳಿದಳು, ಅವನು ನಕ್ಕ. ತನ್ನ ಐದು ಸೆಂಟು ಜಾಗವನ್ನು ಇವಳು ಅವನಿಗೆ ಮಾರಲೊಲ್ಲೆ ಎಂದಾಗಿನಿಂದ ಅವನದು ಅದೇ ನಗು. ಕೊನೆಗೆ ಪಂಚಾಯತಿಗೆ, ಅಲ್ಲಿಂದ ಕಂದಾಯ ಅಧಿಕಾರಿ ಆರ್‌ಡಿಓ ಕೋರ್ಟಿಗೆ ಅಲೆದು ಅಲೆದು ಚಪ್ಪಲಿ ಸವೆಸಿ ಮರ ಕಡಿಯುವ ಆದೇಶ ತಂದಿದ್ದಳು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ. ಇಲ್ಲಿ ಪೂಜಾರಿ ದೇವರನ್ನೇ ತಂದು ಕೂರಿಸಿದ್ದ.

ಕುರುಪ್ ಹಣೆಗೆ ಗಂಧ ಹಚ್ಚಿಕೊಂಡು ಹೊರಗೆ ಬಂದ. "ಏಳು ತಲೆಮಾರಿಂದ ನಮ್ಮ ತರವಾಡಿನವರು ನಂಬಿಕೊಂಡು ಬಂದಿರೋ ನಾಗ, ವಿಲಾಸಿನಿ."

"ಏಳು ತಲೆಮಾರಾ? ಸಿಮೆಂಟೇ ಇನ್ನೂ ಒಣಗಿಲ್ಲವಲ್ಲ ಕುರುಪ್ ಚೇಟ್ಟ."

"ಬಾಯಿ ಹಿಡಿತದಲ್ಲಿರಲಿ. ನಾಗ ಕಾಯೋ ಮರ ಯಾವತ್ತೂ ಬೀಳಲ್ಲ."

ಶಶಿ ಕೊಡಲಿಯನ್ನು ಗೋಣಿಯಲ್ಲಿ ಸುತ್ತಿಕೊಂಡು ಹೊರಟುಹೋದ. ಮರ ಕಡಿಯುವವರು ಮತ್ತಾರೂ ಆ ಕಡೆ ಸುಳಿಯಲಿಲ್ಲ. ಕುರುಪ್ ಅಷ್ಟಕ್ಕೇ ಬಿಡಲಿಲ್ಲ. ತಾನೇ ಒಂದು ಅರ್ಜಿ ಹಾಕಿದ: ಮರ ಪವಿತ್ರ, ಅದರಿಂದ ಯಾರಿಗೂ ಅಪಾಯವಿಲ್ಲ, ಪಕ್ಕದ ಅಡುಗೆಮನೆಯ ಮೀನಿನ ಹೊಗೆಯಿಂದ ನಾಗನಿಗೇ ಮೈಲಿಗೆ. ಆರ್‌ಡಿಓ ಆದೇಶವನ್ನು ತಡೆಹಿಡಿದು, ಮರ ನಿಜಕ್ಕೂ ಅಪಾಯವೇ ನೋಡಿ ವರದಿ ಕೊಡಿ ಎಂದು ಪಂಚಾಯತಿ ಕಾರ್ಯದರ್ಶಿಗೆ ಬರೆದರು. ಇನ್ನು ಎಲ್ಲವೂ ಆ ವರದಿಯ ಮೇಲೆ ನಿಂತಿತ್ತು.

ಕಾರ್ಯದರ್ಶಿ ಬಂದ ದಿನ ಬೆಳಗಿನಿಂದಲೇ ಮೋಡ ಕವಿದಿತ್ತು. ಅವರು ಮೊದಲು ಕುರುಪ್‌ನ ಜಗಲಿಯಲ್ಲಿ ಕೂತು ಎಳನೀರು ಕುಡಿದರು. ಆಮೇಲೆ ವಿಲಾಸಿನಿಯ ಹಿತ್ತಲಿಗೆ ಬಂದು, ಬಾವಿಯ ಹತ್ತಿರ ನಿಂತು, ಮರವನ್ನು ಅಲ್ಲಿಂದಲೇ ನೋಡಿದರು. ಕುರುಪ್ ಅವರ ಬೆನ್ನಿಗೇ ಇದ್ದ.

"ಚೇಚಿ, ದೇವರ ವಿಷಯ ಬಂದಮೇಲೆ ನಾವೂ ನೋಡ್ಕೊಂಡು ಹೆಜ್ಜೆ ಇಡಬೇಕಾಗುತ್ತೆ," ಎಂದರು ಕಾರ್ಯದರ್ಶಿ. "ಮರ ಗಟ್ಟಿಯಾಗೇ ಕಾಣ್ತಿದೆ. ನೀವೇ ಅಡುಗೆಮನೆ ಈ ಕಡೆ ಕಟ್ಟಿಕೊಂಡ್ರೆ ಎಲ್ಲರಿಗೂ ನೆಮ್ಮದಿ ಅಲ್ವಾ?"

"ಈ ಕಡೆ ಬಾವಿ ಇದೆ ಸಾರ್. ನೀರಿನ ಮೇಲೆ ಒಲೆ ಹೂಡ್ಲಾ?"

"ಹಾಗಿದ್ರೆ ಮೀನು ಹುರಿಯೋದಾದ್ರೂ ನಿಲ್ಲಿಸಲಿ," ಎಂದ ಕುರುಪ್. "ನಾನೇನು ದೊಡ್ಡದು ಕೇಳ್ತಿಲ್ಲ."

ವಿಲಾಸಿನಿಯ ಮೈಯೆಲ್ಲ ಉರಿದುಹೋಯಿತು. ಮರ ಅವನದು, ದೇವರು ಅವನದು, ಎಳನೀರೂ ಅವನದು. ಸಾಯುವುದು ಮಾತ್ರ ಇವಳ ಪಾಲಿನದು, ಅದೂ ಮೀನು ಬಿಟ್ಟು ಮಡಿಯಲ್ಲಿ ಸಾಯಬೇಕು. ಬಾಯಿಗೆ ಬಂದ ಬೈಗುಳವನ್ನು ನುಂಗಿಕೊಂಡು ಒಳಗೆ ಹೋದಳು. ಅಡುಗೆಮನೆಯ ನೆಲದ ಮೇಲೆ ಚಾಪೆ ಹಾಸಿದಳು. ಚಹಾ ಕುದಿಸಿ ಲೋಟಗಳಿಗೆ ಬಗ್ಗಿಸಿ, ತಟ್ಟೆಯಲ್ಲಿ ಬಾಳೆಹಣ್ಣು ಕರಿದ ಬಿಸಿ ಪಳಂಪೊರಿ ಇಟ್ಟು ಬಾಗಿಲಿಗೆ ಬಂದಳು. ಅಷ್ಟರಲ್ಲಿ ದಪ್ಪ ಹನಿ ಬೀಳತೊಡಗಿತ್ತು.

"ಮಳೆ ಬಂತು ಸಾರ್. ಒಳಗೆ ಬನ್ನಿ, ಕೂತು ಚಹಾ ಕುಡೀರಿ. ಕುರುಪ್ ಚೇಟ್ಟ, ನೀವೂ ಬನ್ನಿ."

ಕಾರ್ಯದರ್ಶಿ ಎರಡು ಹೆಜ್ಜೆ ಮುಂದಿಟ್ಟರು. ಆಗ ಗಾಳಿ ಬೀಸಿತು. ಮೇಲೆ ಹೆಬ್ಬಲಸು ಕಿರ್ರೆಂದು ನರಳಿ, ಮಾಡಿನ ಮೇಲೆ ಏನೋ ಪಟಪಟನೆ ಉದುರಿತು. ಅವರು ಇಟ್ಟ ಹೆಜ್ಜೆ ಹಿಂದಕ್ಕೆ ತೆಗೆದು ಮತ್ತೆ ಬಾವಿಯ ಹತ್ತಿರ ಸೇರಿಕೊಂಡರು.

"ಪರವಾಗಿಲ್ಲ ಚೇಚಿ, ಇಲ್ಲೇ ಆರಾಮಾಗಿದೆ."

"ನೀವಾದ್ರೂ ಬನ್ನಿ ಚೇಟ್ಟ. ನಿಮ್ಮ ನಾಗನೇ ಕಾಯ್ತಾನಲ್ಲ."

"ನಂದು ಈಗಷ್ಟೇ ಆಯ್ತು," ಎಂದ ಕುರುಪ್, ಹೆಗಲ ಮೇಲಿನ ವಸ್ತ್ರವನ್ನು ತಲೆಯ ಮೇಲೆ ಎಳೆದುಕೊಳ್ಳುತ್ತ. "ಚಹಾ ಜಾಸ್ತಿ ಆದ್ರೆ ನನಗೆ ಪಿತ್ತ."

ಮಳೆ ಜೋರಾಯಿತು. ಒಬ್ಬರೂ ಅಲ್ಲಿಂದ ಕದಲಲಿಲ್ಲ. ಕಾರ್ಯದರ್ಶಿ ಕನ್ನಡಕದ ನೀರು ಒರೆಸಿಕೊಂಡು, ಕಡತವನ್ನು ಎದೆಗವಚಿಕೊಂಡು, ಅದರ ಮರೆಯಲ್ಲೇ ಪೆನ್ನಿನ ಮುಚ್ಚಳ ತೆಗೆದರು. ವಿಲಾಸಿನಿ ಹೊಸ್ತಿಲ ಒಳಗೆ ಒಲೆಯ ಮುಂದೆ ಕೂತು, ತನ್ನ ಲೋಟ ಕೈಗೆತ್ತಿಕೊಂಡಳು.

"ಅಪಾಯವಿಲ್ಲ ಅಂತಲೇ ಬರೀರಿ ಸಾರ್," ಎಂದಳು. "ಎಲ್ಲಿ ನಿಂತು ಬರೀತಿದೀರಿ ಅನ್ನೋದನ್ನೂ ಬರೀರಿ."